ಒದ್ದೆ ಟಾಪ್ ಮಡಚಬಾರದು

ಶನಿವಾರ ಬೆಳಿಗ್ಗೆ ಹತ್ತೂಮುಕ್ಕಾಲಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸನ್ನು ಕಂಡು ಇನ್‌ಸ್ಪೆಕ್ಟರ್ ಕುರ್ಚಿ ಬಿಟ್ಟು ಎದ್ದು ನಿಂತ. ಮೇಲಧಿಕಾರಿ ಬಂದರೂ ಅಷ್ಟು ಬೇಗ ಏಳುವ ಆಸಾಮಿಯಲ್ಲ ಅವನು. ಬಂದವರು ಟೀಚರಮ್ಮ. ಯಾವ ಶಾಲೆಯ ಟೀಚರೂ ಅಲ್ಲ, ಡ್ರೈವಿಂಗ್ ಸ್ಕೂಲ್ ನಡೆಸುವವರು. ಇಪ್ಪತ್ತು ವರ್ಷಗಳಿಂದ ಊರಿನ ಅರ್ಧ ಜನರ ಕೈಗೆ ಸ್ಟೀರಿಂಗ್ ಕೊಟ್ಟವರು. ಆ ಠಾಣೆಯಲ್ಲಿ ಲೈಸೆನ್ಸ್ ಇದ್ದವರೆಲ್ಲ ಅವರ ಬಾಯಲ್ಲಿ ಬೈಸಿಕೊಂಡವರೇ.

ಇನ್‌ಸ್ಪೆಕ್ಟರಂತೂ ಟೆಸ್ಟಿನಲ್ಲಿ ಮೂರು ಸಲ ಫೇಲಾದವನು. ಮೂರು ಸಲವೂ ಮುಗ್ಗರಿಸಿದ್ದು ಒಂದೇ ಕಡೆ: ಏರಿನಲ್ಲಿ ನಿಂತ ಗಾಡಿಯನ್ನು ಹಿಂದಕ್ಕೆ ಜಾರಿಸದೆ ಮುಂದಕ್ಕೆ ಎತ್ತುವಲ್ಲಿ. ನಾಲ್ಕನೆಯ ಸಲ ಪರೀಕ್ಷೆ ಮಾಡುವವರಿಗೇ ಹೊಟ್ಟೆ ಹಸಿದು, ಏರಿನ ಗೊಡವೆಗೆ ಹೋಗದೆ ಪಾಸು ಮಾಡಿ ಊಟಕ್ಕೆ ಎದ್ದಿದ್ದರು. ಇದು ಟೀಚರಮ್ಮನಿಗೆ ಗೊತ್ತು. ಅವರಿಗೆ ಗೊತ್ತು ಅನ್ನುವುದು ಇನ್‌ಸ್ಪೆಕ್ಟರಿಗೂ ಗೊತ್ತು.

"ನನ್ನ ಕಾರು ಕಳ್ಳತನ ಆಗಿದೆ ಕಣಪ್ಪಾ," ಎಂದರು ಟೀಚರಮ್ಮ. ಯಾವತ್ತೂ ಗದರುವ ದನಿ ಇವತ್ತು ಕೆಳಗಿತ್ತು.

"ಸ್ಕೂಲಿನ ಕಾರಾ?"

"ಅಲ್ಲ. ನಂದು. ಕೆಂಪುದು."

ಠಾಣೆಗೆಲ್ಲ ಗೊತ್ತಿದ್ದ ಸಂಗತಿ. ಎರಡು ತಿಂಗಳ ಹಿಂದೆ ಟೀಚರಮ್ಮ ಒಂದು ಸ್ಪೋರ್ಟ್ಸ್ ಕಾರು ಕೊಂಡಿದ್ದರು. ಸೆಕೆಂಡ್ ಹ್ಯಾಂಡು, ಎರಡೇ ಸೀಟು, ಮೇಲೆ ಮಡಚುವ ಬಟ್ಟೆಯ ಟಾಪು, ಸ್ವಿಚ್ ಒತ್ತಿದರೆ ಕಣ್ಣು ಬಿಟ್ಟುಕೊಂಡು ಮೇಲೇಳುವ ಹೆಡ್‌ಲೈಟು. ಇಪ್ಪತ್ತು ವರ್ಷ ಅವರ ಪಾಲಿಗೆ ಬಂದದ್ದು ಎಡಗಡೆಯ ಸೀಟು ಮತ್ತು ಕಾಲ ಕೆಳಗೊಂದು ಹೆಚ್ಚುವರಿ ಬ್ರೇಕು. ತಮ್ಮದೇ ಅಂತ ಬಲಗಡೆ ಕೂರುವ ಗಾಡಿ ಬೇಕು ಎಂದು ಹಟ ಹಿಡಿದು, ಊರೂರು ಅಲೆದು, ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಗಿಲುಗಳಿಗೆ ಅಂಟಿಸಿ ತಗಡು ಎಲ್ಲಿ, ಪುಟ್ಟಿ ಎಲ್ಲಿ ಎಂದು ಪರೀಕ್ಷಿಸಿ, ತಣ್ಣಗಿರುವ ಎಂಜಿನ್ನನ್ನೇ ಸ್ಟಾರ್ಟ್ ಮಾಡಿಸಿ ಹೊಗೆಯ ಬಣ್ಣ ನೋಡಿ ಕೊಂಡ ಕಾರು ಅದು.

"ನಾಳೆ ಬೆಳಿಗ್ಗೆ ಮೊದಲನೇ ಸಲ ಬೆಟ್ಟ ಹತ್ತಿಸ್ಬೇಕು ಅಂತಿದ್ದೆ," ಎಂದರು.

ಇನ್‌ಸ್ಪೆಕ್ಟರ್ ಗಡಿಯಾರ ನೋಡಿದ. ಅಂಥ ಹಳೆಯ ಕಾರನ್ನು ಕದ್ದವರು ಓಡಿಸಲು ಇಟ್ಟುಕೊಳ್ಳುವುದಿಲ್ಲ. ಸಂಜೆಯೊಳಗೆ ಯಾವುದಾದರೂ ಶೆಡ್ಡಿನಲ್ಲಿ ಬಾಗಿಲು, ಗೇರು, ಹೆಡ್‌ಲೈಟು ಬೇರೆ ಬೇರೆಯಾಗಿ ಬೇರೆ ಬೇರೆ ಊರಿನ ದಾರಿ ಹಿಡಿಯುತ್ತವೆ. ಇದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಆಗಲೇ ಪೆನ್ನು ತೆಗೆದಿದ್ದಳು. ಠಾಣೆಗೆಲ್ಲ ಅವಳು 'ಅಕ್ಕ'.

"ಎಷ್ಟು ಹೊತ್ತಿಗೆ ನಿಲ್ಸಿದ್ರಿ?"

"ಎಂಟೂವರೆ. ಪೋಸ್ಟ್ ಆಫೀಸ್ ಹಿಂದಿನ ಬೀದಿ. ಇನ್ಶೂರೆನ್ಸ್ ಆಫೀಸಲ್ಲಿ ಕೆಲಸ ಇತ್ತು. ಹತ್ತೂವರೆಗೆ ಬಂದ್ರೆ ಕಾರಿಲ್ಲ."

"ಟಾಪ್ ಮುಚ್ಚಿತ್ತಾ?"

"ತೆಗ್ದಿತ್ತು. ಬೆಳಗಿನ ಜಾವ ಮಳೆ ಬಂತಲ್ಲ, ನಿಂತ್ಮೇಲೆ ಬಿಸಿಲು ಬಂತು ಅಂತ ಮಡಚಿದೆ."

"ಕೀ?"

"ಇರೋದೊಂದೇ. ಇನ್ನೊಂದು ಕಳೆದುಹೋಗಿದೆ ಅಂದ್ರು ಮಾರಿದವರು."

ಇನ್‌ಸ್ಪೆಕ್ಟರನ ಕಿವಿ ನೆಟ್ಟಗಾಯಿತು. ಎಫ್‌ಐಆರ್ ದಾಖಲಾಗಿ ಟೀಚರಮ್ಮ ಸಹಿ ಹಾಕಿದಾಗ ಹನ್ನೊಂದು ಗಂಟೆ ದಾಟಿತ್ತು.

ಪೋಸ್ಟ್ ಆಫೀಸಿನ ಹಿಂದಿನ ಬೀದಿ ಕಿರಿದು. ಒಂದು ಪಕ್ಕ ಆಫೀಸುಗಳ ಹಿಂಗೋಡೆ, ಇನ್ನೊಂದು ಪಕ್ಕ ಒಂದು ವಾಚ್ ರಿಪೇರಿ ಅಂಗಡಿ, ಒಂದು ಬ್ಯಾಂಕು, ನಾಲ್ಕಾರು ಮುಚ್ಚಿದ ಶಟರು. ಕಾರು ನಿಂತಿದ್ದ ಜಾಗದಲ್ಲಿ ಗಾಜಿನ ಚೂರಿಲ್ಲ, ಎಳೆದೊಯ್ದ ಗುರುತಿಲ್ಲ. ಅಕ್ಕ ಪಂಚನಾಮೆ ಬರೆಯುತ್ತಿದ್ದವಳು ಇದ್ದಕ್ಕಿದ್ದಂತೆ ಕುಕ್ಕರಗಾಲಲ್ಲಿ ಕೂತಳು. ರಸ್ತೆಯಂಚಿನಲ್ಲಿ ಒಂದು ಹಿಡಿಯಷ್ಟು ಕೊಳೆತ ಎಲೆ, ಕಪ್ಪು ಕೆಸರು, ಪಕ್ಕದಲ್ಲೊಂದು ಸಣ್ಣ ಕಡ್ಡಿ.

"ಸರ್, ಈ ಬೀದೀಲಿ ಮರಾನೇ ಇಲ್ಲ. ಎಲೆ ಎಲ್ಲಿಂದ ಬಂತು?"

ಟೀಚರಮ್ಮ ಬಗ್ಗಿ ನೋಡಿದರು. "ನಮ್ಮನೆ ಮುಂದಿನ ಮರದ್ದು. ಕಾರು ಅದರ ಕೆಳಗೇ ನಿಲ್ಸೋದು ನಾನು."

ಅಂದರೆ ಎಲೆ ಕಾರಿನೊಳಗಿಂದ ಬಂದದ್ದು. ಯಾರೋ ಕಡ್ಡಿಯಿಂದ ಕೆದಕಿ ತೆಗೆದದ್ದು. ಇನ್‌ಸ್ಪೆಕ್ಟರ್ ತಲೆ ಕೆರೆದುಕೊಂಡ. ಕಳ್ಳರು ಸ್ಟೀರಿಯೋ ತೆಗೆದದ್ದು ನೋಡಿದ್ದ, ಚಕ್ರ ತೆಗೆದದ್ದು ನೋಡಿದ್ದ. ಕಸ ತೆಗೆದದ್ದನ್ನು ನೋಡಿರಲಿಲ್ಲ.

ವಾಚ್ ರಿಪೇರಿಯವನು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನು ಹಣೆಗೆ ಏರಿಸಿ, ಪೊಲೀಸರನ್ನೂ ಕೆಟ್ಟ ಗಡಿಯಾರ ನೋಡುವಂತೆಯೇ ನೋಡಿದ.

"ಕಳ್ಳನಾ? ಅಲ್ಲ ಸರ್. ಬಂದಿದ್ದು ಓನರ್ರು."

"ಓನರ್ ಇಲ್ಲಿದ್ದಾರೆ," ಎಂದು ಇನ್‌ಸ್ಪೆಕ್ಟರ್ ಟೀಚರಮ್ಮನನ್ನು ತೋರಿಸಿದ.

"ಹಾಗಾ? ನನ್ಗೆ ದೂರದ್ದು ಮಂಜು. ಮಳೆಕೋಟು ಹಾಕಿದ್ರು, ತಲೆ ಮೇಲೆ ಅದರದ್ದೇ ಟೋಪಿ. ಗಂಡಸೋ ಹೆಂಗಸೋ ಕೇಳ್ಬೇಡಿ."

"ಏನ್ ಮಾಡಿದ್ರು?"

"ಮೊದ್ಲು ಸೊಂಟಕ್ಕೆ ಕೈಯಿಟ್ಕೊಂಡು ಕಾರನ್ನ ನೋಡಿದ್ರು. ಆಮೇಲೆ ಬ್ಯಾಗಿಂದ ಕೀ ತೆಗ್ದು ಬಾಗಿಲು ತೆಗೆದ್ರು. ಟಾಪ್ ಎತ್ತಿ ಬಿಗಿದ್ರು. ಕರ್ಚೀಫಲ್ಲಿ ಒರೆಸಿದ್ರು, ಹಿಂಡಿದ್ರು, ಮತ್ತೆ ಒರೆಸಿದ್ರು. ಸೀಟಿನ ಹಿಂದೆ ಏನೋ ಕೆದಕಿದ್ರು, ನೀರು ಹೋಗೋ ತೂತಿರ್ಬೇಕು. ಆಮೇಲೆ ಒಳಗೆ ಕೂತ್ಕೊಂಡು ಕಾದ್ರು."

"ಯಾತಕ್ಕೆ?"

"ಒಣಗ್ಲಿ ಅಂತ ಕಾಣುತ್ತೆ. ಆಗಾಗ ಕೈ ಆಚೆ ಚಾಚಿ ಟಾಪ್ ಮುಟ್ಟಿ ನೋಡೋರು. ಪೂರ್ತಿ ಒಣಗಿದ್ಮೇಲೆ ಇಳಿಸಿ, ನೀಟಾಗಿ ಮಡಚಿ, ಹೋದ್ರು."

"ಎಷ್ಟು ಹೊತ್ತು ಇದ್ರು?"

"ಒಂದು ಗಂಟೆ ಮೇಲೇನೇ. ಕದಿಯೋರು ನಡುಬೀದೀಲಿ ಒಂದು ಗಂಟೆ ಕೂತ್ಕೋತಾರಾ ಸರ್? ನೀವೇ ಹೇಳಿ."

ಟೀಚರಮ್ಮ ಮೆಲ್ಲಗೆ ಕೇಳಿದರು, "ಒದ್ದೆ ಟಾಪ್ ಮಡಚಬಾರದಾ?" ಯಾರಿಗೂ ಗೊತ್ತಿರಲಿಲ್ಲ. ಗಾಡಿ ಓಡಿಸುವುದರಲ್ಲಿ ಟೀಚರಮ್ಮನನ್ನು ಮೀರಿಸುವವರು ಇರಲಿಲ್ಲ. ಗಾಡಿ ಸಾಕುವುದು ಬೇರೆಯೇ ವಿದ್ಯೆ. ಸ್ಕೂಲಿನ ಕಾರುಗಳನ್ನು ಗ್ಯಾರೇಜಿನವರು ಬಂದು ಒಯ್ದು, ತೊಳೆದು, ಎಣ್ಣೆ ಹಾಕಿ ತಂದು ನಿಲ್ಲಿಸುತ್ತಿದ್ದರು.

ಬ್ಯಾಂಕಿನ ಕ್ಯಾಮೆರಾದಲ್ಲಿ ಕಾರಿನ ಹಿಂಭಾಗ ಮಾತ್ರ ಕಾಣುತ್ತಿತ್ತು. ಸಮಯ ಹತ್ತು ಗಂಟೆ ಆರು ನಿಮಿಷ. ಮಳೆಕೋಟಿನ ಆಸಾಮಿ ಎಂಜಿನ್ ಸ್ಟಾರ್ಟ್ ಮಾಡಿ ಬಿಸಿಯಾಗುವವರೆಗೆ ಸುಮ್ಮನೆ ಕೂತ. ಆಮೇಲೆ ಎಡ ಕನ್ನಡಿ ನೋಡಿದ, ಬಲ ಕನ್ನಡಿ ನೋಡಿದ, ಅಷ್ಟಕ್ಕೂ ಸಮಾಧಾನವಾಗದೆ ಗೂಬೆಯ ಹಾಗೆ ಕತ್ತನ್ನು ಪೂರ್ತಿ ಬಲಭುಜದ ಮೇಲೆ ತಿರುಗಿಸಿ ಹಿಂದಿನ ರಸ್ತೆ ನೋಡಿದ. ಟೋಪಿಯೊಳಗಿನ ಮುಖ ಕಾಣಲಿಲ್ಲ. ಕಾರು ನಯವಾಗಿ ಹೊರಟಿತು.

"ಇನ್ನೊಂದ್ಸಲ ಹಾಕಿ," ಎಂದರು ಟೀಚರಮ್ಮ.

ಹಾಕಿದರು.

"ಅದು ನನ್ನ ಕತ್ತು."

"ಏನಂದ್ರಿ?"

"ನಾನು ಕಲಿಸಿದ ಕತ್ತು ಕಣಪ್ಪಾ. ಕನ್ನಡಿ ನೋಡಿದ್ರೂ ಕತ್ತು ತಿರುಗಿಸ್ಲೇಬೇಕು ಅಂತ ಬಡ್ಕೋತೀನಲ್ಲ. ಬೇರೆ ಸ್ಕೂಲಲ್ಲಿ ಇಷ್ಟು ತಿರುಗಿಸಲ್ಲ ಯಾರೂ. ಕದ್ದಿರೋದು ನನ್ನ ಶಿಷ್ಯರೇ."

ಇನ್‌ಸ್ಪೆಕ್ಟರ್ ತನಗೆ ತಿಳಿಯದಂತೆ ತನ್ನ ಕತ್ತನ್ನು ಮುಟ್ಟಿಕೊಂಡ. ಈಗ ಅವನ ಕೈಯಲ್ಲಿ ಮೂರು ಸಂಗತಿಗಳಿದ್ದವು. ಕದ್ದವರ ಬಳಿ ಕೀ ಇದೆ. ಕದ್ದವರಿಗೆ ಆ ಕಾರಿನ ನರನಾಡಿ ಗೊತ್ತು. ಕದ್ದವರು ಟೀಚರಮ್ಮನ ಬಳಿ ಕಲಿತಿದ್ದಾರೆ. ಶಿಷ್ಯರನ್ನು ಹುಡುಕುವುದೆಂದರೆ ಇಡೀ ಊರನ್ನು ಹುಡುಕಬೇಕು. ಕೀ ಹುಡುಕುವುದು ಸುಲಭ ಅನ್ನಿಸಿತು.

ಕಾರು ಮಾರಿದವರು ಹಲ್ಲಿನ ಡಾಕ್ಟರು. ಹನ್ನೆರಡೂ ಕಾಲಿಗೆ ಅವರು ಕೊನೆಯ ರೋಗಿಯನ್ನು ಕಳಿಸಿ ಕೈ ತೊಳೆಯುತ್ತಿದ್ದರು. ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ. ಟೀಚರಮ್ಮನನ್ನು ಕಂಡು, ಕಾರು ವಾಪಸು ಕೊಡಲು ಬಂದರೇನೋ ಎಂದು ಸ್ವಲ್ಪ ಗಾಬರಿಯಾದರು.

"ನಾನು ಯಾಕೆ ಕದೀಲಿ? ಬೆನ್ನುನೋವು. ಅದರಲ್ಲಿ ಕೂತ್ರೆ ಏಳೋಕಾಗಲ್ಲ, ಅದಕ್ಕೇ ಮಾರಿದ್ದು. ಬೆಳಗಿಂದ ಇಲ್ಲೇ ಇದ್ದೀನಿ."

"ಎರಡನೇ ಕೀ?"

"ಕಳೆದುಹೋಗಿದೆ ಅಂದೆನಲ್ಲ. ವರ್ಷಗಟ್ಲೆ ಆಯ್ತು ನಾನದನ್ನ ನೋಡಿ."

"ಕಾರು ಚೆನ್ನಾಗಿ ಇಟ್ಕೊಂಡಿದ್ರಂತೆ."

"ಮಗು ನೋಡ್ಕೊಂಡ ಹಾಗೆ."

"ಟಾಪ್ ಮಳೇಲಿ ನೆನೆದ್ರೆ ಏನ್ ಮಾಡ್ತಿದ್ರಿ?"

"ಮಾಡೋದೇನು? ಮಡಚೋದು."

ಇನ್‌ಸ್ಪೆಕ್ಟರ್ ಅಕ್ಕನ ಕಡೆ ನೋಡಿದ. ಅಕ್ಕ ಬರೆಯುವುದನ್ನು ನಿಲ್ಲಿಸಿದ್ದಳು.

"ಸೀಟಿನ ಹಿಂದೆ ನೀರು ಹೋಗೋ ತೂತಿದೆಯಲ್ಲ, ಅದರ ಕಸ ಯಾವಾಗ ತೆಗೀತಿದ್ರಿ?"

"ತೂತಾ?" ಡಾಕ್ಟರಿಗೆ ಅವಮಾನವಾದಂತಾಯಿತು. "ನನ್ನ ಕಾರಲ್ಲಿ ಒಂದೇ ಒಂದು ತೂತಿರ್ಲಿಲ್ಲ. ನೀವು ಹಲ್ಲಿನ ಬಗ್ಗೆ ಕೇಳ್ತಿಲ್ಲ ತಾನೆ?"

"ಹಾಗಾದ್ರೆ ಅದನ್ನ ಕ್ಲೀನ್ ಮಾಡ್ತಿದ್ದೋರು ಯಾರು?"

"ಯಾರು ಅಂದ್ರೆ... ಅದು ಮನೇಲೇ ಆಗ್ತಿತ್ತು. ಭಾನುವಾರ ಬೆಳಿಗ್ಗೆ ಎದ್ದು ನೋಡಿದ್ರೆ ಫಳಫಳ ಅಂತಿರೋದು."

"ತಾನಾಗೇ?"

ಡಾಕ್ಟರು ಬಾಯಿ ತೆರೆದು ಹಾಗೇ ಇಟ್ಟುಕೊಂಡರು. ಆ ಕೋಣೆಯಲ್ಲಿ ಸದಾ ಬೇರೆಯವರು ಮಾಡುವ ಕೆಲಸವದು. ಟೀಚರಮ್ಮ ಅಷ್ಟರಲ್ಲಿ ಗೋಡೆಯ ಮೇಲಿದ್ದ ಫೋಟೋದ ಮುಂದೆ ನಿಂತಿದ್ದರು. ಕೆಂಪು ಕಾರಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಡಾಕ್ಟರು. ಕಾರಿನ ಪಕ್ಕ, ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ನಗುತ್ತ ನಿಂತ ಹೆಂಗಸು.

"ಇವರು ನಿಮ್ಮ ಮನೆಯವರಾ?"

"ಹೌದು."

"ಡ್ರೈವಿಂಗ್ ಬರುತ್ತಲ್ಲ ಇವರಿಗೆ."

ಡಾಕ್ಟರು ಮನಸಾರೆ ನಕ್ಕರು. "ಅವಳಿಗಾ? ಸೈಕಲ್ಲೂ ಬರಲ್ಲ."

"ಮಂಗಳವಾರ, ಶುಕ್ರವಾರ, ಹನ್ನೊಂದು ಗಂಟೆ ಕ್ಲಾಸು," ಎಂದರು ಟೀಚರಮ್ಮ, ಫೋಟೋದಿಂದ ಕಣ್ಣು ತೆಗೆಯದೆ. "ಒಂದೇ ಸಲಕ್ಕೆ ಪಾಸು. ಏರಲ್ಲಿ ನಿಲ್ಸಿ ಎತ್ತಿದ್ರೆ ಗಾಡಿ ಒಂದು ಕೂದಲೆಳೆ ಹಿಂದೆ ಬಂದಿರ್ಲಿಲ್ಲ." ಇನ್‌ಸ್ಪೆಕ್ಟರ್ ನೆಲ ನೋಡಿದ.

"ಮಂಗಳವಾರ, ಶುಕ್ರವಾರ ಅವಳು ಹೊಲಿಗೆ ಕ್ಲಾಸಿಗೆ ಹೋಗ್ತಿದ್ಲು," ಎಂದರು ಡಾಕ್ಟರು.

"ಏನಾದ್ರೂ ಹೊಲಿದು ತೋರ್ಸಿದ್ರಾ?" ಅಕ್ಕ ಕೇಳಿದಳು.

ಡಾಕ್ಟರು ಯೋಚಿಸಿದರು. ಯೋಚಿಸುತ್ತ ಯೋಚಿಸುತ್ತ ರೋಗಿಯ ಕುರ್ಚಿಯಲ್ಲಿ ತಾವೇ ಕೂತರು.

ಮನೆಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಇನ್‌ಸ್ಪೆಕ್ಟರ್ ಕೊನೆಯ ಪ್ರಶ್ನೆ ಕೇಳಿದ. "ಆ ಕಾರಲ್ಲಿ ಇಬ್ಬರೂ ಎಲ್ಲಿಗೆ ಹೋಗ್ತಿದ್ರಿ?"

"ಬೆಟ್ಟದ ರಸ್ತೆಗೆ. ಮೂರನೇ ತಿರುವಿಗೆ ನನ್ನ ಬೆನ್ನು ಹಿಡ್ಕೊಳ್ಳೋದು, ವಾಪಸ್ ಬರ್ತಿದ್ವಿ. ಮೇಲಕ್ಕೆ ಹೋಗೋಣ ಅಂತ ಅವಳು ಹೇಳ್ತಾನೇ ಇದ್ಲು."

ಬೆಟ್ಟದ ಬುಡದ ಪೆಟ್ರೋಲ್ ಬಂಕಿಗೆ ಅಕ್ಕ ಫೋನು ಹಚ್ಚಿದಳು. ಕೆಂಪು ಕಾರು ಬಂದಿತ್ತು. ನಾಲ್ಕೂ ಚಕ್ರಕ್ಕೆ ಗಾಳಿ ನೋಡಿಸಿ, ಸ್ಟೆಪ್ನಿಗೂ ನೋಡಿಸಿ, ಎಂಜಿನ್ ಆಯಿಲ್ ಕಡಿಮೆಯಾಗಿದೆ ಎಂದು ಹಾಕಿಸಿಕೊಂಡು, ಇದನ್ನು ನೋಡಿಕೊಳ್ಳುವವರಿಗೆ ಬುದ್ಧಿಯಿಲ್ಲ ಎಂದು ಬೈದು ಮೇಲಕ್ಕೆ ಹೋಗಿತ್ತು. ಕೊನೆಯ ಮಾತನ್ನು ಅಕ್ಕ ಟೀಚರಮ್ಮನಿಗೆ ಹೇಳಲಿಲ್ಲ.

ಜೀಪಿನ ಡ್ರೈವರಿಗೆ ಜ್ವರ. ಅಕ್ಕನಿಗೆ ಬಸ್ಸೇ ಸಾಕು, ಲೈಸೆನ್ಸಿನ ಸಹವಾಸ ಬೇಡ. ಹಾಗಾಗಿ ಸ್ಟೀರಿಂಗ್ ಇನ್‌ಸ್ಪೆಕ್ಟರನ ಪಾಲಿಗೆ ಬಂತು, ಎಡಗಡೆಯ ಸೀಟು ಅಭ್ಯಾಸಬಲದಿಂದ ಟೀಚರಮ್ಮನ ಪಾಲಿಗೆ. ಪ್ರತಿ ತಿರುವಿನಲ್ಲೂ ಅವರ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು. ಒಂದೊಂದು ತುಳಿತಕ್ಕೂ ಇನ್‌ಸ್ಪೆಕ್ಟರನ ವಯಸ್ಸು ಒಂದೊಂದು ವರ್ಷ ಇಳಿದು, ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಅವನು ಮತ್ತೆ ಟೆಸ್ಟಿಗೆ ನಿಂತ ಹುಡುಗನಾಗಿದ್ದ.

ಆರನೆಯ ತಿರುವು ಎಲ್ಲಕ್ಕಿಂತ ಕಡಿದು. ಅಲ್ಲಿ ಎದುರಿಗೊಂದು ಲಾರಿ ಬಂದು, ತಿರುಗಲಾಗದೆ, ಮುಂದೆ ಹಿಂದೆ ಮಾಡುತ್ತ ದಾರಿ ಅಡ್ಡಗಟ್ಟಿತು. ಜೀಪು ಮೂಗು ಆಕಾಶಕ್ಕೆ ಮಾಡಿ ನಿಂತಿತು. ಹಿಂದೆ ತಗ್ಗು, ಪಕ್ಕದಲ್ಲಿ ಮೊಣಕಾಲೆತ್ತರದ ಕಟ್ಟೆ. ಲಾರಿ ಕೊನೆಗೂ ಜಾಗ ಬಿಟ್ಟಾಗ ಅಕ್ಕ ಹಿಂದಿನಿಂದ, "ಸರ್, ನಾನು ಇಳಿದು ನಡ್ಕೊಂಡು ಬರ್ಲಾ?" ಎಂದಳು.

ಇನ್‌ಸ್ಪೆಕ್ಟರ್ ಬೈಗುಳಕ್ಕಾಗಿ ಕಾದ. ಟೀಚರಮ್ಮ ಕೈಕಟ್ಟಿ ಮುಂದೆ ನೋಡುತ್ತಿದ್ದರು. ಅವನು ಹ್ಯಾಂಡ್‌ಬ್ರೇಕ್ ಎಳೆದ. ಗೇರು ಹಾಕಿ ಕ್ಲಚ್ಚನ್ನು ಒಂದೊಂದೇ ಕೂದಲಷ್ಟು ಬಿಟ್ಟ. ಎಂಜಿನ್ನಿನ ದನಿ ತಗ್ಗಿ, ಬಾನೆಟ್ಟು ಚೂರು ಮೇಲೆದ್ದು, ಚಕ್ರ ಕಚ್ಚಿದ್ದು ಅವನ ಅಂಗಾಲಿಗೆ ಗೊತ್ತಾಯಿತು. ಆಗ ಹ್ಯಾಂಡ್‌ಬ್ರೇಕ್ ಬಿಟ್ಟ. ಜೀಪು ಹಿಂದಕ್ಕೆ ಒಂದು ಇರುವೆಯನ್ನೂ ಮೆಟ್ಟದೆ ಮುಂದಕ್ಕೆ ಏರಿತು.

ಒಂದು ಫರ್ಲಾಂಗು ದಾಟಿತು.

"ಈಗ ಪಾಸು," ಎಂದರು ಟೀಚರಮ್ಮ.

ಕೇಸು ಇನ್ನೂ ಮುಗಿದಿರಲಿಲ್ಲ. ಆದರೂ ಇನ್‌ಸ್ಪೆಕ್ಟರ್ ಹಿಗ್ಗಿ ಹೀರೇಕಾಯಿಯಾದ. ಬಡ್ತಿ ಬಂದ ದಿನ ಕೂಡ ಅವನ ಮೀಸೆ ಅಷ್ಟು ಅರಳಿರಲಿಲ್ಲ.

ಬೆಟ್ಟದ ತುದಿಯಲ್ಲಿ ಬಟಾಬಯಲು, ಕಬ್ಬಿಣದ ಕಟಕಟೆ, ದುರ್ಬೀನು ಬಾಡಿಗೆಗೆ ಕೊಡುವವನೊಬ್ಬ, ಫೋಟೋ ತೆಗೆಯುವವನೊಬ್ಬ. ನಡುವೆ ಕೆಂಪು ಕಾರು, ಮೂತಿ ರಸ್ತೆಗೆ ಮಾಡಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ನಿಂತಿತ್ತು. ಮಳೆಕೋಟನ್ನು ಮಡಚಿಟ್ಟು ಡಾಕ್ಟರ ಹೆಂಡತಿ ಮುಂದಿನ ಗಾಜಿಗೆ ಬಡಿದು ಸತ್ತ ಹುಳಗಳನ್ನು ಒರೆಸುತ್ತಿದ್ದರು. ಗಾಳಿಗೆ ಕೂದಲೆಲ್ಲ ಕೆದರಿತ್ತು. ಜೀಪು ಕಂಡು ಓಡಲಿಲ್ಲ. ಗಾಜಿನ ಉಳಿದ ಮೂಲೆಯನ್ನೂ ಒರೆಸಿ ಮುಗಿಸಿ ತಿರುಗಿದರು.

"ಅಯ್ಯೋ, ಟೀಚರಮ್ಮ. ನೀವಾ?"

"ಕಾರು ನಂದು."

"ನಿಮ್ದಾ?" ಆ ಹೆಂಗಸಿನ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. "ಹಾಗಾದ್ರೆ ಒದ್ದೆ ಟಾಪ್ ಮಡಚಿದ್ದು ನೀವೇನಾ?"

ಟೀಚರಮ್ಮ ಟಾಪಿನ ಕಡೆ ನೋಡಿದರು.

"ಬೂಷ್ಟು ಹಿಡಿಯುತ್ತೆ, ಮಡಿಕೇಲಿ ಹರಿಯುತ್ತೆ. ಮರದ ಕೆಳಗೆ ಬೇರೆ ನಿಲ್ಸಿದ್ದೀರಿ. ಎಲೆ ಕಟ್ಕೊಂಡು ನೀರು ಸೀಟಿನ ಹಿಂದೆ ಕೆರೆ ಆಗಿತ್ತು. ಇನ್ನೊಂದು ಮಳೆಗಾಲ ಆಗಿದ್ರೆ ತಳದ ತಗಡು ತುಕ್ಕು ಹಿಡಿದು ಹೋಗ್ತಿತ್ತು. ಆಯಿಲ್ ಯಾವಾಗ ನೋಡಿದ್ರಿ?"

"ನೋಡಿಲ್ಲ," ಎಂದರು ಟೀಚರಮ್ಮ, ಹೋಂವರ್ಕ್ ತರದ ಮಗುವಿನ ದನಿಯಲ್ಲಿ.

ಕಳ್ಳಿ ನಿಂತು ಬೈಯುತ್ತಿದ್ದಾಳೆ, ಫಿರ್ಯಾದಿ ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದಾರೆ. ಇನ್‌ಸ್ಪೆಕ್ಟರ್ ತನ್ನ ಸರ್ವೀಸಿನಲ್ಲಿ ಇಂಥ ದಸ್ತಗಿರಿ ಕಂಡಿರಲಿಲ್ಲ. ಆದರೂ ಕಾನೂನು ಕಾನೂನೇ. ಮಧ್ಯಾಹ್ನ ಒಂದೂ ಐವತ್ತಕ್ಕೆ ಅಕ್ಕ ಡಾಕ್ಟರ ಹೆಂಡತಿಯ ಹೆಗಲ ಮೇಲೆ ಕೈಯಿಟ್ಟು, ಕಳ್ಳತನದ ಆರೋಪದ ಮೇಲೆ ದಸ್ತಗಿರಿ ಮಾಡಿದ್ದೇವೆ ಎಂದು ತಿಳಿಸಿದಳು. ಅವರು ಬ್ಯಾಗಿನಿಂದ ಕೀ ತೆಗೆದು ಕೊಟ್ಟರು. ದುರ್ಬೀನಿನವನೂ ಫೋಟೋದವನೂ ಪಂಚರಾದರು.

ಜಪ್ತಿ ಪಂಚನಾಮೆಗಾಗಿ ಟೀಚರಮ್ಮ ಕಾರಿನ ಸುತ್ತ ಬಂದರು. ಟಾಪಿನ ಮಡಿಕೆಗೆ ಕೈಯಿಟ್ಟರು. ಬೆಚ್ಚಗೆ, ಒಣಗಿತ್ತು. ಚಕ್ರದ ಗಾಳಿ ಸರಿಯಿತ್ತು. ಕೊನೆಗೆ ಬಗ್ಗಿ ಕಾರಿನ ತಳದ ಹತ್ತಿರ ಮೂಗು ಒಡ್ಡಿ ಉಸಿರೆಳೆದರು. ಮತ್ತೆ ಎಳೆದರು.

"ಬರ್ಕೊಳ್ಳಮ್ಮ," ಎಂದರು ಅಕ್ಕನಿಗೆ. "ಕ್ಲಚ್ ಸುಟ್ಟ ವಾಸನೆ ಇಲ್ಲ. ಇಷ್ಟು ತಿರುವು ಹತ್ತಿ ಬಂದಿದ್ದಾಳೆ, ಚೂರೂ ವಾಸನೆ ಇಲ್ಲ. ನನ್ನ ಶಿಷ್ಯೆ."

ಅದು ಪಂಚನಾಮೆಯಲ್ಲಿ ಬರೆಯುವ ಮಾತಲ್ಲ. ಅಕ್ಕ ಬರೆದಳು.

ಹೇಳಿಕೆ ದಾಖಲಾದದ್ದು ಸಂಜೆ ನಾಲ್ಕಕ್ಕೆ, ಠಾಣೆಯಲ್ಲಿ.

"ಕೀ ಎಲ್ಲಿತ್ತು?"

"ನನ್ನ ಬ್ಯಾಗಲ್ಲೇ. ಒರೆಸೋಕೆ ಬಾಗಿಲು ತೆಗೀಬೇಕಲ್ಲ. ಮಾರೋವಾಗ ನನ್ನ ಯಾರೂ ಕೇಳ್ಲಿಲ್ಲ."

"ಕದಿಯೋಕೆ ಅಂತಾನೇ ಹೋಗಿದ್ರಾ?"

"ಇಲ್ಲ. ಲೈಬ್ರರಿಗೆ ಹೋಗ್ತಿದ್ದೆ. ಟಾಪ್ ಒದ್ದೆ ಮಡಚಿದ್ದು ಕಾಣಿಸ್ತು. ನೋಡ್ಕೊಂಡು ಹೋಗೋಕಾಗ್ಲಿಲ್ಲ. ಒಣಗಿಸಿಟ್ಟು ಹೋಗೋಣ ಅಂತಾನೇ ಇದ್ದೆ."

"ಆಮೇಲೆ?"

"ಒಣಗೋವರೆಗೂ ಒಳಗೆ ಕೂರ್ಬೇಕಾಯ್ತು. ಬಲಗಡೆ ಕೂತಿದ್ದೆ." ಅವರು ಬ್ಯಾಗನ್ನು ಮಡಿಲಿಗೆ ಎಳೆದುಕೊಂಡರು. "ಹನ್ನೊಂದು ವರ್ಷ ಆ ಕಾರನ್ನ ಒರೆಸಿದ್ದೀನಿ ಸರ್. ಬಲಗಡೆ ಸೀಟನ್ನೂ ಒರೆಸಿದ್ದೀನಿ. ಅಲ್ಲಿ ಕೂತಿರ್ಲಿಲ್ಲ. ಕೂತ್ಮೇಲೆ ಇಳಿಯೋಕೆ ಮನಸ್ಸು ಬರ್ಲಿಲ್ಲ. ತುದಿ ಮುಟ್ಟಿ ತಂದು ಅಲ್ಲೇ ನಿಲ್ಸೋಣ ಅಂತಿದ್ದೆ. ತಪ್ಪು ನಂದೇ."

ಡಾಕ್ಟರು ಜಾಮೀನಿಗೆ ಬಂದರು. ಬೆನ್ನು ಹಿಡಿದುಕೊಂಡು ಹೆಂಡತಿಯ ಎದುರು ಬೆಂಚಿನ ಮೇಲೆ ಕೂತರು. ಸಿಟ್ಟು ತಂದುಕೊಳ್ಳಲು ಬಹಳ ಪ್ರಯತ್ನಪಟ್ಟರು, ಬರಲಿಲ್ಲ.

"ಡ್ರೈವಿಂಗ್ ಬರುತ್ತೆ ಅಂತ ನೀನು ಹೇಳ್ಲೇ ಇಲ್ಲ."

"ಒಂದ್ಸಲ ಓಡಿಸ್ಲಾ ಅಂತ ಕೇಳ್ದೆ. ಇದು ಆಟದ ಸಾಮಾನಲ್ಲ ಅಂದ್ರಿ."

ಡಾಕ್ಟರು ತುಂಬ ಹೊತ್ತು ತಮ್ಮ ಬೂಟು ನೋಡಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು, "ಮೇಲಿಂದ ಏನು ಕಾಣುತ್ತೆ?"

"ನಮ್ಮನೆ ಕಾಣುತ್ತೆ ರೀ. ಬೆಂಕಿಪೊಟ್ಟಣದಷ್ಟು."

ಕೇಸು ನ್ಯಾಯಾಲಯಕ್ಕೆ ಹೋಯಿತು. ಎಫ್‌ಐಆರ್ ಆದಮೇಲೆ ಇನ್‌ಸ್ಪೆಕ್ಟರ್ ಮನಸ್ಸು ಮಾಡಿದರೂ ಅದನ್ನು ಹರಿದು ಹಾಕುವಂತಿಲ್ಲ, ಅವನು ಹರಿಯುವವನೂ ಅಲ್ಲ. ಫಿರ್ಯಾದಿಯೇ ಎದ್ದು ನಿಂತು ರಾಜಿಗೆ ಒಪ್ಪಿಗೆ ಎಂದಾಗ ನ್ಯಾಯಾಧೀಶರು ಕಾಗದಗಳನ್ನು ತಿರುವಿ ಹಾಕಿ, ಪಂಚನಾಮೆಯ ಕ್ಲಚ್ಚಿನ ಸಾಲಿನ ಬಳಿ ನಿಂತು, ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದರು. ಆರೋಪಿಗೆ ಖಡಕ್ಕಾಗಿ ಬುದ್ಧಿ ಹೇಳಿ ರಾಜಿಗೆ ಅನುಮತಿ ಕೊಟ್ಟರು. ಅವರೂ ಟೀಚರಮ್ಮನ ಶಿಷ್ಯರೇ ಎಂದು ಅಕ್ಕ ಹೊರಗೆ ಬಂದು ಹೇಳಿದಳು.

ಮುಂದಿನ ಭಾನುವಾರ ಬೆಳಿಗ್ಗೆ ಇನ್‌ಸ್ಪೆಕ್ಟರ್ ಠಾಣೆಯ ಮೆಟ್ಟಿಲ ಮೇಲೆ ನಿಂತಿದ್ದ. ಬೆಟ್ಟದ ಕಡೆಯಿಂದ ಕೆಂಪು ಕಾರು ಇಳಿದು ಬಂತು. ಟಾಪು ಒಣಗಿ ನೀಟಾಗಿ ಮಡಚಿತ್ತು. ಹೋಗುವಾಗ ಟೀಚರಮ್ಮ ಬಲಗಡೆ ಕೂತು ಹಾರನ್ ಹೊಡೆದು ಹೋದದ್ದನ್ನು ಅವನು ನೋಡಿದ್ದ. ಈಗ ಬಲಗಡೆ ಡಾಕ್ಟರ ಹೆಂಡತಿ. ಕ್ರಾಸಿನಲ್ಲಿ ನಿಲ್ಲಿಸಿ, ಎರಡೂ ಕನ್ನಡಿ ನೋಡಿ, ಕತ್ತನ್ನು ಪೂರ್ತಿ ತಿರುಗಿಸಿದಾಗ ಇನ್‌ಸ್ಪೆಕ್ಟರನನ್ನು ಕಂಡು ಕೈಯೆತ್ತಿದರು.

ಅವನು ಕೈಯೆತ್ತಲು ಹೋಗಿ, ಎಡಗಡೆಯ ಸೀಟನ್ನು ನೋಡಿ ಹಾಗೇ ನಿಂತ. ಇಪ್ಪತ್ತು ವರ್ಷ ಆ ಸೀಟಿನಲ್ಲಿ ರೆಪ್ಪೆ ಮಿಟುಕಿಸದೆ ಕೂತ ಟೀಚರಮ್ಮ ಎರಡೂ ಕಾಲು ಮೇಲಕ್ಕೆ ಮಡಚಿಕೊಂಡು, ಬಾಯಿ ಅರ್ಧ ತೆರೆದು, ಬಿಸಿಲಿಗೆ ಮುಖ ಕೊಟ್ಟು ಗಾಢ ನಿದ್ದೆಯಲ್ಲಿದ್ದರು.